ಹೊರಗೆ ಕ್ಯಾಮೆರಾ ಸರಿ, ಗರ್ಭಗುಡಿಯಲ್ಲಿ ಯಾಕೆ ಬೇಡ?

ಹೋದ ಡಿಸೆಂಬರ್ ರಜೆಯಲ್ಲಿ ಅಕ್ಕನ ಮಗಳನ್ನು ಬೇಲೂರಿಗೆ ಕರೆದುಕೊಂಡು ಹೋಗಿದ್ದೆ. ಹೈಸ್ಕೂಲಿನ ಹುಡುಗಿ. ಚೀಲದಲ್ಲಿ ಯಾವಾಗಲೂ ಒಂದು ಡ್ರಾಯಿಂಗ್ ಪುಸ್ತಕ ಇರುತ್ತದೆ. ಚೆನ್ನಕೇಶವನ ಗುಡಿಯ ಹೊರಗೇ ಎರಡು ಗಂಟೆ ಕಳೆದಳು. ಕನ್ನಡಿ ಹಿಡಿದ ಮದನಿಕೆ, ಆನೆಗಳ ಸಾಲು, ಬಾಗಿಲ ಪಕ್ಕ ಹುಲಿಯ ಜೊತೆ ಸೆಣಸುವ ಸಳ, ಎಲ್ಲದರ ಫೋಟೋ ತೆಗೆದಳು. ಒಂದೆರಡನ್ನು ಪೆನ್ಸಿಲ್‌ನಲ್ಲಿ ಬಿಡಿಸಿಕೊಂಡಳು. ಯಾರೂ ಏನೂ ಅನ್ನಲಿಲ್ಲ. ಆಮೇಲೆ ಒಳಗೆ ಹೋಗಿ ದೇವರ ಎದುರು ನಿಂತು ಮೊಬೈಲ್ ಎತ್ತಿದಳು ನೋಡಿ, ಅರ್ಚಕರು ಕೈ ಅಡ್ಡ ಹಿಡಿದು "ಇಲ್ಲಿ ಬೇಡಮ್ಮ" ಅಂದರು. ಗದರಲಿಲ್ಲ. ಆದರೂ ಅವಳ ಮುಖ ಸಪ್ಪಗಾಯಿತು.

ಆಚೆ ಬಂದ ಮೇಲೆ ಕೇಳಿದಳು. "ಚಿಕ್ಕಮ್ಮ, ಗೋಡೆ ಮೇಲಿರೋದೂ ದೇವರು, ಒಳಗಿರೋದೂ ದೇವರು. ಎರಡೂ ಕಲ್ಲೇ. ಅಲ್ಲಿ ತೆಗೀಬಹುದು, ಇಲ್ಲಿ ಯಾಕೆ ಬೇಡ?"

ಒಳ್ಳೆಯ ಪ್ರಶ್ನೆ ಅಲ್ವಾ? ಈಗ ಇದು ಬಹಳ ಜನರ ಪ್ರಶ್ನೆಯೂ ಆಗಿದೆ. 2022ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ತಮಿಳುನಾಡಿನ ದೇವಸ್ಥಾನಗಳ ಒಳಗೆ ಮೊಬೈಲ್ ಬೇಡ ಎಂದು ಹೇಳಿತು. 2023ರ ಜುಲೈನಲ್ಲಿ ನಮ್ಮ ಮುಜರಾಯಿ ಇಲಾಖೆಯೂ ಅಂಥದ್ದೇ ಆದೇಶ ಹೊರಡಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಒಂದು ಕಡೆ "ಬನ್ನಿ, ನೋಡಿ" ಎನ್ನುವ ಕರೆ, ಇನ್ನೊಂದು ಕಡೆ "ಫೋನ್ ಒಳಗಿಡಿ" ಎನ್ನುವ ಬೋರ್ಡು. ಎರಡರ ಹಿಂದೆಯೂ ಕಾರಣ ಇದೆ. ಆ ಕಾರಣ ತಿಳಿದರೆ ಚಪ್ಪಲಿಯಿಂದ ಹಿಡಿದು ಚಿತ್ರ ಬಿಡಿಸುವವರೆಗೆ ಎಷ್ಟೋ ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ.

ಕಲ್ಲು ಯಾವಾಗ ದೇವರಾಗುತ್ತದೆ?

ಮೊದಲು ಇದನ್ನು ತಿಳಿದುಕೊಳ್ಳಬೇಕು. ಶಿಲ್ಪಿಯ ಕೊಟ್ಟಿಗೆಯಲ್ಲಿ ಇರುವ ತನಕ ಮೂರ್ತಿ ಒಂದು ಕೆತ್ತಿದ ಕಲ್ಲು, ಅಷ್ಟೇ. ಶಿಲ್ಪಿ ಅದರ ಮೇಲೆ ಕಾಲಿಟ್ಟು ಹತ್ತುತ್ತಾನೆ, ಉಳಿ ಇಟ್ಟು ಹೊಡೆಯುತ್ತಾನೆ, ಮಗ್ಗುಲಾಗಿ ಮಲಗಿಸುತ್ತಾನೆ. ಯಾರೂ ತಪ್ಪು ಎನ್ನುವುದಿಲ್ಲ.

ಅದು ಬದಲಾಗುವುದು ಪ್ರಾಣಪ್ರತಿಷ್ಠೆಯಲ್ಲಿ. ಹೆಸರೇ ಹೇಳುವ ಹಾಗೆ, ಮೂರ್ತಿಯಲ್ಲಿ ಪ್ರಾಣವನ್ನು ನೆಲೆಗೊಳಿಸುವ ವಿಧಿ. ಮೂರ್ತಿಯನ್ನು ನೀರಿನಲ್ಲಿ ಇಡುತ್ತಾರೆ, ಧಾನ್ಯದಲ್ಲಿ ಇಡುತ್ತಾರೆ, ಹೋಮ ಮಾಡುತ್ತಾರೆ, ಕಲಶದ ನೀರು ಎರೆಯುತ್ತಾರೆ. ಇದರಲ್ಲೇ ಒಂದು ಮುಖ್ಯ ಘಟ್ಟ ಕಣ್ಣು ತೆರೆಸುವುದು. ಇದಕ್ಕೆ ನೇತ್ರೋನ್ಮೀಲನ ಎನ್ನುತ್ತಾರೆ. ಆಮೇಲೆ ಅದನ್ನು ಯಾರೂ ಕಲ್ಲು ಎಂದು ಕರೆಯುವುದಿಲ್ಲ. ಅದು ನಿಮ್ಮನ್ನು ನೋಡುತ್ತದೆ ಎನ್ನುವುದು ಭಕ್ತರ ನಂಬಿಕೆ. "ದರ್ಶನ ಆಯ್ತಾ?" ಎಂದು ಕೇಳುತ್ತೇವಲ್ಲ, ಅದರಲ್ಲಿ ನಾವು ದೇವರನ್ನು ನೋಡುವುದೂ ಇದೆ, ದೇವರ ಕಣ್ಣಿಗೆ ನಾವು ಬೀಳುವುದೂ ಇದೆ.

ಇದನ್ನು ಇಡೀ ದೇಶ ನೋಡಿದ್ದು ಅಯೋಧ್ಯೆಯಲ್ಲಿ. 2024ರ ಜನವರಿ 22ರಂದು ಅಲ್ಲಿ ಬಾಲರಾಮನ ಪ್ರಾಣಪ್ರತಿಷ್ಠೆ ಆಯಿತು. 51 ಇಂಚಿನ ಆ ಮೂರ್ತಿಯನ್ನು ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್. ಕಲ್ಲು ಕೂಡ ಮೈಸೂರು ಸೀಮೆಯದ್ದು. ಕಣ್ಣು ಬಿಡಿಸಲು ಬಳಸಿದ ಬೆಳ್ಳಿ ಸುತ್ತಿಗೆ, ಚಿನ್ನದ ಉಳಿಯ ಚಿತ್ರವನ್ನು ಅವರು ಆಮೇಲೆ ಹಂಚಿಕೊಂಡಿದ್ದರು. ಪ್ರತಿಷ್ಠೆಗೆ ಕೆಲವು ದಿನ ಮೊದಲು, ಕಣ್ಣಿಗೆ ಬಟ್ಟೆ ಕಟ್ಟಿರದ ಒಂದು ಫೋಟೋ ಹೊರಗೆ ಬಂದಾಗ ಎಷ್ಟು ಆಕ್ಷೇಪ ಬಂತು ಎನ್ನುವುದು ಹಲವರಿಗೆ ನೆನಪಿರಬಹುದು. "ಹೇಗಿದ್ದರೂ ನಾಳೆ ನಾಡಿದ್ದು ನೋಡುವುದೇ ತಾನೆ, ಇದರಲ್ಲಿ ಏನಿದೆ" ಎಂದು ಆಗ ಕೆಲವರಿಗೆ ಅನ್ನಿಸಿತ್ತು. ವಿಧಿ ಗೊತ್ತಿದ್ದವರಿಗೆ ಅದು ದೊಡ್ಡ ಮಾತು. ಕಣ್ಣು ತೆರೆಸುವ ಕ್ಷಣವೇ ಮೂರ್ತಿ ಮತ್ತು ದೇವರ ನಡುವಿನ ಗೆರೆ. ಅದಕ್ಕೆ ಮೊದಲೇ ಆ ಕಣ್ಣು ಲೋಕಕ್ಕೆಲ್ಲ ಕಂಡಂತಾಯಿತು.

ಗರ್ಭಗುಡಿ ಅಂದರೆ ಒಬ್ಬರ ಕೋಣೆ

ಪ್ರತಿಷ್ಠೆ ಆದ ಮೇಲೆ ದೇವರು ಅಲ್ಲಿ ವಾಸ ಮಾಡುತ್ತಾನೆ. ಈ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಉಳಿದದ್ದು ಸುಲಭ.

ಬೆಳಿಗ್ಗೆ ಸುಪ್ರಭಾತ ಹಾಡಿ ಎಬ್ಬಿಸುತ್ತಾರೆ. ಸ್ನಾನ ಅಂದರೆ ಅಭಿಷೇಕ. ಬಟ್ಟೆ, ಒಡವೆ, ಹೂವು ಅಂದರೆ ಅಲಂಕಾರ. ಊಟ ಅಂದರೆ ನೈವೇದ್ಯ. ರಾತ್ರಿ ಜೋಗುಳ ಹಾಡಿ ಮಲಗಿಸುವ ಸೇವೆಯೂ ಹಲವು ಕಡೆ ಉಂಟು. ನೈವೇದ್ಯದ ಹೊತ್ತಿಗೆ ಪರದೆ ಎಳೆಯುವುದನ್ನು ನೋಡಿದ್ದೀರಿ. ಯಾರಾದರೂ ಊಟ ಮಾಡುವಾಗ ನಾವು ಬಾಗಿಲಲ್ಲಿ ನಿಂತು ದಿಟ್ಟಿಸುತ್ತೇವಾ? ಇಲ್ಲವಲ್ಲ. ಇದೂ ಹಾಗೆಯೇ.

ಯಾರದೋ ಮನೆಗೆ ಹೋದಾಗ ಜಗಲಿಯಲ್ಲಿ ಕೂರುತ್ತೇವೆ, ಪಡಸಾಲೆಗೆ ಹೋಗುತ್ತೇವೆ. ಮಲಗುವ ಕೋಣೆಗೆ ನುಗ್ಗುವುದಿಲ್ಲ. ದೇವಸ್ಥಾನದ ಕಟ್ಟಡವೂ ಹಾಗೆ ಹಂತ ಹಂತವಾಗಿ ಒಳಗೊಳಗೆ ಹೋಗುತ್ತದೆ. ಹೊರಗಿನ ಅಂಗಳ ಪ್ರಾಕಾರ, ಅದು ಎಲ್ಲರದ್ದು. ಆಮೇಲೆ ಮುಖಮಂಟಪ, ನವರಂಗ. ಕುಣಿತ, ಹಾಡು, ಪುರಾಣ ಎಲ್ಲ ನಡೆಯುತ್ತಿದ್ದದ್ದು ಇಲ್ಲಿ. ಅದರಾಚೆ ಸುಕನಾಸಿ ಎನ್ನುವ ಚಿಕ್ಕ ನಡುಕೋಣೆ. ಕೊನೆಗೆ ಗರ್ಭಗುಡಿ. ಒಳಗೆ ಹೋದ ಹಾಗೆ ಬೆಳಕು ಕಡಿಮೆ, ಜಾಗ ಕಿರಿದು. ಕಿಟಕಿ ಇಲ್ಲ. ದೀಪದ ಬೆಳಕೊಂದೇ. ಮಂಗಳಾರತಿ ಎತ್ತಿದಾಗ ಆ ಕತ್ತಲೆಯಿಂದ ಮುಖ ಒಮ್ಮೆ ಮೂಡಿ ಮತ್ತೆ ಕರಗುತ್ತದೆ. ಅದನ್ನು ಕಟ್ಟಿದವರು ಬೇಕೆಂದೇ ಹೀಗೆ ಕಟ್ಟಿದ್ದಾರೆ. ಅಲ್ಲಿ ಫ್ಲಾಶ್ ಹೊಡೆದರೆ ಮೂರ್ತಿಯೇನೋ ಚೆನ್ನಾಗಿ ಕಾಣುತ್ತದೆ. ಅವರು ನಮಗೆ ಕಾಣಿಸಬೇಕೆಂದುಕೊಂಡದ್ದು ಮಾತ್ರ ಕಾಣುವುದಿಲ್ಲ.

ದೇವರನ್ನು ನೋಡುವುದಕ್ಕೇ ಕೆಲವು ಕಡೆ ಕ್ರಮ ಇದೆ. ಉಡುಪಿಯಲ್ಲಿ ಕೃಷ್ಣನನ್ನು ನೋಡುವುದು ಒಂಬತ್ತು ಕಿಂಡಿಯ ನವಗ್ರಹ ಕಿಂಡಿಯಿಂದ. ಹೊರಗೆ ಬೀದಿಯ ಕಡೆ ಕನಕನ ಕಿಂಡಿ.

ಇದು ಬರೀ ಭಾವನೆಯ ಮಾತೂ ಅಲ್ಲ. ನಮ್ಮ ದೇಶದ ಕಾನೂನಿನಲ್ಲೂ ಪ್ರತಿಷ್ಠೆಯಾದ ದೇವರಿಗೆ ವ್ಯಕ್ತಿಯ ಸ್ಥಾನ ಇದೆ. ದೇವರ ಹೆಸರಲ್ಲಿ ಜಮೀನು ಇರಬಹುದು. ದೇವರ ಹೆಸರಲ್ಲಿ ಕೋರ್ಟಿಗೆ ಹೋಗಬಹುದು. ತನ್ನ ವ್ಯವಹಾರ ತಾನೇ ನೋಡಿಕೊಳ್ಳಲಾರದ ಕಾರಣ ಕಾನೂನು ದೇವರನ್ನು ಅಪ್ರಾಪ್ತ ಮಗುವಿನ ಹಾಗೆ ಕಾಣುತ್ತದೆ. ಮಗುವಿಗೆ ಪೋಷಕರು ಇರುವ ಹಾಗೆ ದೇವರಿಗೂ ನೋಡಿಕೊಳ್ಳುವವರು ಇರುತ್ತಾರೆ.

"ಹಾಗಾದರೆ ರಥೋತ್ಸವದ ದಿನ ಎಲ್ಲರೂ ಫೋಟೋ ತೆಗೆಯುತ್ತಾರಲ್ಲ?" ಅಂತ ಕೇಳಬಹುದು. ಅದಕ್ಕೂ ಉತ್ತರ ಇದೆ. ದೊಡ್ಡ ದೇವಸ್ಥಾನಗಳಲ್ಲಿ ಎರಡು ಮೂರ್ತಿ. ಒಂದು ಮೂಲಮೂರ್ತಿ, ಸಾಮಾನ್ಯವಾಗಿ ಕಲ್ಲಿನದು, ಜಾಗ ಬಿಟ್ಟು ಕದಲುವುದಿಲ್ಲ. ಇನ್ನೊಂದು ಉತ್ಸವಮೂರ್ತಿ, ಸಾಮಾನ್ಯವಾಗಿ ಪಂಚಲೋಹದ್ದು. ಒಳಗೆ ಬರಲಾಗದವರಿಗೆ, ಮುದುಕರಿಗೆ, ಕಾಯಿಲೆಯವರಿಗೆ, ಊರಿಗೆಲ್ಲ ದರ್ಶನ ಕೊಡಲು ದೇವರು ತಾನೇ ಬೀದಿಗೆ ಬರುವ ರೂಪ ಅದು. ಮನೆಯಲ್ಲಿ ಇರುವಾಗ ಫೋಟೋ ಬೇಡ ಎನ್ನುವವರು ಮೆರವಣಿಗೆಯಲ್ಲಿ ಕೈ ಬೀಸುತ್ತಾ ಬಂದರೆ ಫೋಟೋಗೆ ಅಡ್ಡಿಯೇನು?

ಹೊರಗೋಡೆ, ಪೂಜೆ ನಿಂತ ಗುಡಿ

ಈಗ ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಬೇಲೂರಿನ ಹೊರಗೋಡೆಯ ಮೇಲೆ ಇರುವವರು ದೇವರೇ ಆದರೂ ಅವರಿಗೆ ಒಬ್ಬೊಬ್ಬರಿಗೂ ದಿನದ ಪೂಜೆ ಇಲ್ಲ. ಅವರು ಕಥೆ ಹೇಳುವವರು. 1117ರಲ್ಲಿ ವಿಷ್ಣುವರ್ಧನ ಮಾಡಿಸಿದ ಈ ಗುಡಿಯ ಗೋಡೆ ಊರಿಗೆಲ್ಲ ತೆರೆದಿಟ್ಟ ಪುಸ್ತಕ. ಓದು ಬಾರದವರೂ ಸುತ್ತು ಹಾಕುತ್ತಾ ರಾಮಾಯಣ ನೋಡಬಹುದಿತ್ತು. ನೋಡಲಿ ಎಂದೇ ಮಾಡಿದ್ದನ್ನು ನೋಡಿದರೆ, ಬಿಡಿಸಿದರೆ, ಫೋಟೋ ತೆಗೆದರೆ ತಪ್ಪೇನಿಲ್ಲ.

ಉಳಿದರ್ಧ ಉತ್ತರಕ್ಕೆ ಹಂಪಿಗೆ ಹೋಗಬೇಕು. ಅಲ್ಲಿ ಉಗ್ರನರಸಿಂಹ ಎಂದು ಜನ ಕರೆಯುವ ದೊಡ್ಡ ಮೂರ್ತಿ ಇದೆಯಲ್ಲ, 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕೆತ್ತಿದ್ದು. ತೊಡೆಯ ಮೇಲಿದ್ದ ಲಕ್ಷ್ಮಿ ಈಗ ಅಲ್ಲಿ ಇಲ್ಲ, ಕೈಗಳು ಮುರಿದಿವೆ. ಭಿನ್ನವಾದ ಮೂರ್ತಿಗೆ ಪೂಜೆ ಇಲ್ಲ ಎನ್ನುವುದು ಸಂಪ್ರದಾಯ. ಹಾಗಾಗಿ ಅಲ್ಲಿ ಜನ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದರ ಮಗ್ಗುಲಲ್ಲೇ, ನಾಲ್ಕು ಹೆಜ್ಜೆ ದೂರದಲ್ಲಿ, ಬಡವಿಲಿಂಗ. ಬುಡದಲ್ಲಿ ನೀರು ನಿಂತಿರುವ ಎತ್ತರದ ಲಿಂಗ. ಅದಕ್ಕೆ ಪೂಜೆ ಇದೆ. ಒಂದೇ ಊರು, ಒಂದೇ ಕಾಲದ ಕಲ್ಲುಗಳು, ಆದರೆ ನಾವು ನಿಲ್ಲುವ ರೀತಿಯೇ ಬೇರೆ. ವಿರೂಪಾಕ್ಷ ಮತ್ತು ವಿಠಲ ಗುಡಿಗಳೂ ಹೀಗೇ. ವಿರೂಪಾಕ್ಷನಿಗೆ ಇವತ್ತೂ ಪೂಜೆ ನಡೆಯುತ್ತಿದೆ. ವಿಠಲ ಗುಡಿಯ ಗರ್ಭಗುಡಿ ಖಾಲಿ.

ಪೂಜೆ ನಿಂತ ಗುಡಿ, ಪೂಜೆ ನಡೆಯುವ ಕೆಲವು ಹಳೆಯ ಗುಡಿ, ಎರಡೂ ಕೇಂದ್ರದ ಪುರಾತತ್ವ ಇಲಾಖೆಯ ಕೈಯಲ್ಲಿ ಇರಬಹುದು. 1958ರ ಕಾಯ್ದೆಯಂತೆ ಅವು ಸಂರಕ್ಷಿತ ಸ್ಮಾರಕಗಳು. ಇಲಾಖೆ 2018ರಲ್ಲಿ ತನ್ನ ಸ್ಮಾರಕಗಳಲ್ಲಿ ಸಾಮಾನ್ಯ ಪ್ರವಾಸಿಗಳು ಫೋಟೋ ತೆಗೆಯಲು ಬಿಟ್ಟಿತು. ಅಜಂತಾ, ಲೇಹ್ ಅರಮನೆ, ತಾಜ್‌ಮಹಲಿನ ಸಮಾಧಿ ಕೋಣೆ ಮಾತ್ರ ಬೇಡ ಎಂದಿತು. ಟ್ರೈಪಾಡ್, ಡ್ರೋನ್, ಸಿನಿಮಾ ಶೂಟಿಂಗ್‌ಗೆ ಬೇರೆ ಅನುಮತಿ ಬೇಕು. ಹೆಸರು ಕೆತ್ತುವುದು, ಗೀಚುವುದು, ಒಡೆಯುವುದು ಅಪರಾಧ. 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಂಬದ ಮೇಲೆ ಮೊಳೆಯಲ್ಲಿ ಹೆಸರು ಕೊರೆಯುವುದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಹೊಯ್ಸಳರು ಕೆತ್ತಿದ್ದು ಬಳಪದ ಕಲ್ಲು. ಕೆತ್ತುವಾಗ ಮೆತ್ತಗೆ ಇದ್ದದ್ದಕ್ಕೇ ಅಷ್ಟು ಸೂಕ್ಷ್ಮ ಕೆಲಸ ಸಾಧ್ಯವಾಯಿತು. ಗಾಯವೂ ಅಷ್ಟೇ ಬೇಗ ಆಗುತ್ತದೆ.

ಅಜಂತಾದಲ್ಲಿ ಯಾಕೆ ಬೇಡ ಎಂದರೆ ಅಲ್ಲಿ ಇರುವುದು ಬಣ್ಣ. ಬಂಡೆಯ ಮೇಲೆ ಮಣ್ಣಿನ ಗಾರೆ ಬಳಿದು, ಒಣಗಿದ ಮೇಲೆ ಬರೆದ ಚಿತ್ರಗಳು. ಬಿಸಿಲಿಗೆ ಒಣಹಾಕಿದ ಬಣ್ಣದ ಸೀರೆ ವರ್ಷ ಕಳೆದಂತೆ ಮಾಸುತ್ತದೆ ಅಲ್ವಾ? ಬೆಳಕು ಬಣ್ಣಕ್ಕೆ ಹಾಗೆ ಮಾಡುತ್ತದೆ. ಜನರ ಉಸಿರಿನ ತೇವವೂ ಸೇರುತ್ತದೆ. ಇಲ್ಲಿ ಕಾರಣ ದೇವರ ಮರ್ಯಾದೆಗಿಂತ ಜಾಸ್ತಿ ಬಣ್ಣದ ಆಯಸ್ಸು.

ಬುದ್ಧನ ವಿಷಯ ಸ್ವಲ್ಪ ಬೇರೆ

ಬೌದ್ಧರಲ್ಲಿ ಮೂಲ ಯೋಚನೆಯೇ ಬೇರೆ ಕಡೆಯಿಂದ ಶುರುವಾಗುತ್ತದೆ. ಬುದ್ಧ ಲೋಕ ಸೃಷ್ಟಿಸಿದ ದೇವರಲ್ಲ. ದಾರಿ ತೋರಿಸಿದ ಗುರು. ತೀರಿಹೋದ ಗುರುವಿನ ಚಿತ್ರವನ್ನು ಹೇಗೆ ಬರೆಯುವುದು?

ಮೊದಲಿನವರು ಬರೆಯಲೇ ಇಲ್ಲ. ಜೇಬಲ್ಲಿ 200 ರೂಪಾಯಿ ನೋಟಿದ್ದರೆ ತಿರುಗಿಸಿ ನೋಡಿ, ಸಾಂಚಿ ಸ್ತೂಪ ಇದೆ. ಆ ಸ್ತೂಪದ ಸುತ್ತ ಇರುವ ಕಲ್ಲಿನ ತೋರಣಗಳು ಎರಡು ಸಾವಿರ ವರ್ಷಕ್ಕೂ ಹಳೆಯವು. ಅವುಗಳ ಮೇಲೆ ಬುದ್ಧನ ಬದುಕಿನ ಕಥೆಗಳಿವೆ, ಬುದ್ಧ ಮಾತ್ರ ಮನುಷ್ಯನ ರೂಪದಲ್ಲಿ ಇಲ್ಲ. ಮರದ ಕೆಳಗೆ ಖಾಲಿ ಪೀಠ. ಎರಡು ಪಾದದ ಗುರುತು. ಒಂದು ಚಕ್ರ. ಮನೆ ಬಿಟ್ಟು ಹೊರಟ ರಾತ್ರಿಯ ದೃಶ್ಯದಲ್ಲಿ ಕುದುರೆ ಇದೆ, ಮೇಲೆ ಕೊಡೆ ಹಿಡಿದಿದ್ದಾರೆ, ಸವಾರ ಇಲ್ಲ. ಮುಖ ಇರುವ ಬುದ್ಧ ಬಂದದ್ದು ಆಮೇಲೆ, ಮಥುರಾ ಮತ್ತು ಗಾಂಧಾರದ ಶಿಲ್ಪಿಗಳ ಕೈಯಲ್ಲಿ.

ಇದರ ಕೊಂಡಿ ನಮ್ಮ ಕಲಬುರಗಿ ಜಿಲ್ಲೆಯಲ್ಲೂ ಇದೆ. ಭೀಮಾ ದಂಡೆಯ ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ ಒಂದು ದೊಡ್ಡ ಸ್ತೂಪ ಸಿಕ್ಕಿತು. ಅಲ್ಲಿನ ಒಂದು ಕಲ್ಲಿನ ಫಲಕದಲ್ಲಿ ರಾಜ, ರಾಣಿ, ಸೇವಕಿಯರು ನಿಂತಿದ್ದಾರೆ. ಮೇಲೆ ಬ್ರಾಹ್ಮಿ ಲಿಪಿಯಲ್ಲಿ "ರಾಯೋ ಅಸೋಕೋ" ಎಂದಿದೆ. ಅಂದರೆ ಅಶೋಕ ರಾಜ. ಹೆಸರು ಬರೆದು ತೋರಿಸಿದ ಅಶೋಕನ ಚಿತ್ರ ನಮ್ಮ ನಾಡಿನ ಮಣ್ಣಿನಲ್ಲಿ ಮಲಗಿತ್ತು! ಸನ್ನತಿಯಲ್ಲೇ, ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ, 1986ರಲ್ಲಿ ಒಂದು ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ಗೊತ್ತಾಯಿತು, ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಎಂದು. ಹಿಂದೂ ಗುಡಿ, ಬೌದ್ಧ ನೆಲೆ ಎಂದು ನಾವು ಬೇರೆ ಬೇರೆ ಪುಟದಲ್ಲಿ ಓದುತ್ತೇವೆ. ನೆಲದ ಮೇಲೆ ಅವು ಒಂದರ ಮೇಲೊಂದು ಕೂತಿವೆ.

ಕಾಂಬೋಡಿಯಾದ ಅಂಕೋರ್ ವಾಟ್ ಇದಕ್ಕೆ ದೊಡ್ಡ ಉದಾಹರಣೆ. ಬೇಲೂರಿನ ವಿಷ್ಣುವರ್ಧನನ ಕಾಲದಲ್ಲೇ ಅಲ್ಲಿ ಎರಡನೇ ಸೂರ್ಯವರ್ಮ ಎಂಬ ರಾಜ ವಿಷ್ಣುವಿಗಾಗಿ ಅದನ್ನು ಕಟ್ಟಿಸಿದ. ಮುಂದೆ ಅದು ಬೌದ್ಧರದಾಯಿತು. ಇವತ್ತು ಅಲ್ಲಿ ಕಾವಿ ಬಟ್ಟೆಯ ಭಿಕ್ಷುಗಳೂ ಇದ್ದಾರೆ, ಗೋಡೆಯ ಮೇಲೆ ಸಮುದ್ರಮಥನವೂ ಇದೆ. ಆ ದೇಶದ ಬಾವುಟದಲ್ಲಿ ಇರುವುದೂ ಅದೇ ಗುಡಿ. ಅಲ್ಲಿಗೆ ಹೋಗುವವರು ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಬೇಕು.

ಹತ್ತಿರದಲ್ಲೇ ನೋಡಬೇಕೆಂದರೆ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆ. 1963ರಲ್ಲಿ ಶುರುವಾದ ನಾಮ್‌ಡ್ರೋಲಿಂಗ್ ಮಠ, ನಾವು ಗೋಲ್ಡನ್ ಟೆಂಪಲ್ ಅನ್ನುತ್ತೇವಲ್ಲ, ಅದು. ಒಳಗೆ ಚಿನ್ನದ ಲೇಪದ ಮೂರು ದೊಡ್ಡ ಮೂರ್ತಿಗಳಿವೆ. ನಡುವೆ ಬುದ್ಧ, ಸುಮಾರು 60 ಅಡಿ. ಎರಡು ಪಕ್ಕದಲ್ಲಿ, ಟಿಬೆಟಿನವರು ಗುರು ಎಂದು ಪೂಜಿಸುವ ಪದ್ಮಸಂಭವ ಮತ್ತು ದೀರ್ಘಾಯುಸ್ಸಿನ ಬುದ್ಧ ಅಮಿತಾಯುಸ್. ನೋಡುವವರಿಗೆ ಹೊಳಪು ಕಾಣುತ್ತದೆ. ಅಲ್ಲಿಯವರಿಗೆ ಮುಖ್ಯವಾದದ್ದು ಒಳಗೆ ತುಂಬಿದ್ದು. ಟಿಬೆಟಿನ ಪದ್ಧತಿಯಲ್ಲಿ ಮೂರ್ತಿಯ ಟೊಳ್ಳಿನಲ್ಲಿ ಮಂತ್ರ ಬರೆದ ಕಾಗದದ ಸುರುಳಿಗಳು, ಧರ್ಮಗ್ರಂಥ, ಹಿರಿಯರ ಅಸ್ಥಿಯಂಥ ಪವಿತ್ರ ವಸ್ತುಗಳನ್ನು ಇಟ್ಟು ಮುಚ್ಚುತ್ತಾರೆ. ಆಮೇಲೆಯೇ ಅದು ಪೂಜೆಗೆ ಅರ್ಹ. ನಮ್ಮ ಪ್ರಾಣಪ್ರತಿಷ್ಠೆಗೆ ಹತ್ತಿರದ್ದು, ಆದರೆ ಅದೇ ಅಲ್ಲ. ಅಲ್ಲಿ ನೆನಪು ಮತ್ತು ಬೋಧನೆಯ ಭಾರ ಜಾಸ್ತಿ. ಹಾಗಾಗಿಯೋ ಏನೋ, ಬುದ್ಧನ ಎದುರು ನಿಂತು ಪ್ರವಾಸಿಗಳು ಫೋಟೋ ತೆಗೆದರೆ ಅಲ್ಲಿ ಯಾರೂ ತಡೆಯುವುದು ಕಾಣುವುದಿಲ್ಲ. ಆದರೆ ಭಿಕ್ಷುಗಳು ಸಾಲಾಗಿ ಕೂತು ಮಂತ್ರ ಹೇಳುವಾಗ ಅವರ ಮುಖಕ್ಕೆ ಕ್ಯಾಮೆರಾ ಹಿಡಿಯುವುದು ಬೇರೆ ಮಾತು. ಚಿಕ್ಕ ಮಕ್ಕಳೂ ಅವರಲ್ಲಿ ಇರುತ್ತಾರೆ. ಅದು ಅವರ ಪಾಠದ ಹೊತ್ತು, ನಮಗಾಗಿ ಮಾಡುವ ಪ್ರದರ್ಶನ ಅಲ್ಲ. ಅಂದ ಹಾಗೆ, ವಿದೇಶಿ ಪಾಸ್‌ಪೋರ್ಟ್ ಇರುವ ನೆಂಟರು ಜೊತೆಗಿದ್ದರೆ, ಬೈಲಕುಪ್ಪೆಯಲ್ಲಿ ರಾತ್ರಿ ತಂಗಲು ಸರ್ಕಾರದ ಅನುಮತಿ ಮೊದಲೇ ಪಡೆಯಬೇಕು.

ಶ್ರೀಲಂಕಾದಲ್ಲಿ ಮಾತ್ರ ಇದು ಬಹಳ ಬಿಗಿ. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಳ್ಳುವುದನ್ನು ಅಲ್ಲಿ ಅಗೌರವ ಎಂದೇ ತಿಳಿಯುತ್ತಾರೆ. 2014ರಲ್ಲಿ ತೋಳಿನ ಮೇಲೆ ಬುದ್ಧನ ಹಚ್ಚೆ ಹಾಕಿಸಿಕೊಂಡಿದ್ದ ಬ್ರಿಟಿಷ್ ಮಹಿಳೆಯೊಬ್ಬರನ್ನು ಬಂಧಿಸಿ ದೇಶದಿಂದ ಕಳಿಸಿಬಿಟ್ಟರು. ಅದು ತಪ್ಪಾಯಿತು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2017ರಲ್ಲಿ ಅವರಿಗೆ ಪರಿಹಾರ ಕೊಡಿಸಿತು. ಅಲ್ಲೂ ಮೂರ್ತಿಗೆ ಕಣ್ಣು ಬರೆಯುವ ವಿಧಿ ಇದೆ. ಕಲಾವಿದ ಮೂರ್ತಿಗೆ ಬೆನ್ನು ಮಾಡಿ, ಕನ್ನಡಿಯಲ್ಲಿ ನೋಡುತ್ತಾ, ಭುಜದ ಮೇಲಿಂದ ಕುಂಚ ಚಾಚಿ ಕಣ್ಣು ಬರೆಯುತ್ತಾನೆ. ಆ ಮೊದಲ ನೋಟ ನೇರವಾಗಿ ತನ್ನ ಮೇಲೆ ಬೀಳಬಾರದು ಎಂದು. ಮೈಸೂರಿನ ಶಿಲ್ಪಿಯ ಚಿನ್ನದ ಉಳಿ, ಲಂಕೆಯ ಕಲಾವಿದನ ಕನ್ನಡಿ, ಎರಡರ ಹಿಂದೆಯೂ ಕಣ್ಣಿನ ಬಗ್ಗೆ ಇರುವ ಭಯಭಕ್ತಿ ಒಂದೇ.

ಚಿತ್ರ ಬಿಡಿಸುವುದಕ್ಕೂ ಒಂದು ವ್ಯಾಕರಣ

ತಿರುಪತಿಯ ಮೂಲಮೂರ್ತಿಯ ಫೋಟೋ ತೆಗೆಯಲು ಬಿಡುವುದಿಲ್ಲ. ಆದರೂ ನಮ್ಮ ಮನೆ ಮನೆಯಲ್ಲೂ ತಿಮ್ಮಪ್ಪ ಇದ್ದಾನೆ. ನೋಡಿದ್ದನ್ನು, ಕೇಳಿದ್ದನ್ನು ಇಟ್ಟುಕೊಂಡು ಕಲಾವಿದರು ಬರೆದ ಚಿತ್ರಗಳವು. ದೇವರ ಚಿತ್ರ ಮನೆಗೆ ಬಂದದ್ದಕ್ಕೆ ಬಹಳ ವರ್ಷವೂ ಆಗಿಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ಶುರು ಮಾಡಿದ ಮೇಲೆ ಲಕ್ಷ್ಮಿ, ಸರಸ್ವತಿಯರ ಬಣ್ಣದ ಪಟಗಳು ಕಡಿಮೆ ಬೆಲೆಗೆ ಸಿಗತೊಡಗಿದವು. ದೇವಸ್ಥಾನದ ಒಳಗೆ ಹೋಗಲು ಬಿಡದಿದ್ದ ಜಾತಿಗಳ ಜನರಿಗೆ ಆ ಪಟ ಎಂಥ ದೊಡ್ಡ ಸಂಗತಿಯಾಗಿತ್ತು ಎಂದು ಒಮ್ಮೆ ಯೋಚಿಸಿ. ದೇವರು ಗೋಡೆಯ ಮೊಳೆಗೆ ಬಂದು ನೇತಾಡಿದ. ಯಾರೂ ತಡೆಯುವ ಹಾಗಿರಲಿಲ್ಲ.

ಅದಕ್ಕೂ ಮೊದಲು ಚಿತ್ರಗಾರರು ಯಾವುದನ್ನು ನೋಡಿ ಬರೆಯುತ್ತಿದ್ದರು? ಧ್ಯಾನಶ್ಲೋಕ ನೋಡಿ. ಪ್ರತಿ ದೇವರಿಗೂ ಒಂದು ಶ್ಲೋಕ ಇರುತ್ತದೆ. ಎಷ್ಟು ಕೈ, ಯಾವ ಕೈಯಲ್ಲಿ ಏನು, ಮೈಬಣ್ಣ ಯಾವುದು, ಕೂತಿದ್ದಾರೋ ನಿಂತಿದ್ದಾರೋ, ವಾಹನ ಏನು, ಎಲ್ಲ ಅದರಲ್ಲಿ ಇದೆ. ಅಡುಗೆ ಪುಸ್ತಕದಲ್ಲಿ ಅಳತೆ ಬರೆದಿರುತ್ತದಲ್ಲ, ಹಾಗೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಇಂಥ ಶ್ಲೋಕಗಳನ್ನೂ ಚಿತ್ರಗಳನ್ನೂ ಸೇರಿಸಿ ಶ್ರೀತತ್ತ್ವನಿಧಿ ಎನ್ನುವ ಒಂಬತ್ತು ಭಾಗದ ದೊಡ್ಡ ಗ್ರಂಥವನ್ನೇ ಮಾಡಿಸಿದರು. ಮೈಸೂರು ಶೈಲಿಯ ಚಿತ್ರ ಕಲಿಯುವವರಿಗೆ ಅದು ದೊಡ್ಡ ಆಸ್ತಿ.

ಒಂದು ಚೂರು ಬದಲಾದರೂ ದೇವರ ಹೆಸರೇ ಬದಲಾಗುತ್ತದೆ! ವಿಷ್ಣುವಿನ ನಾಲ್ಕು ಕೈಯಲ್ಲಿ ಶಂಖ, ಚಕ್ರ, ಗದೆ, ಪದ್ಮ. ನಾಲ್ಕು ವಸ್ತುವನ್ನು ನಾಲ್ಕು ಕೈಗೆ ಎಷ್ಟು ರೀತಿ ಹಂಚಬಹುದು? ಲೆಕ್ಕ ಹಾಕಿ, 24. ಸಂಧ್ಯಾವಂದನೆಯಲ್ಲಿ ಕೇಶವ, ನಾರಾಯಣ, ಮಾಧವ ಎಂದು ಹೇಳುವ ಹೆಸರುಗಳೂ 24. ಒಂದೊಂದು ಜೋಡಣೆಗೂ ಒಂದೊಂದು ಹೆಸರು. ಶಂಖದ ಜಾಗಕ್ಕೆ ಚಕ್ರ ಬರೆದರೆ ನೀವು ಬರೆದದ್ದು ಕೇಶವ ಆಗಿರುವುದಿಲ್ಲ, ಇನ್ಯಾರೋ ಆಗಿರುತ್ತಾನೆ. ಹುಡುಗಿಗೆ ಇದನ್ನು ಹೇಳಿದಾಗ ಅವಳು ಬಸ್ಸಿನಲ್ಲೇ ಪುಸ್ತಕ ತೆಗೆದು ನಾಲ್ಕು ಕೈ ಬರೆದು ಎಣಿಸಲು ಕೂತಳು. ಸಕಲೇಶಪುರದ ತನಕ ಎಣಿಸಿದಳು, 24 ಬಂತು.

ಉದ್ದಗಲಕ್ಕೂ ಲೆಕ್ಕ ಇದೆ. ಮುಖದ ಉದ್ದವೇ ಅಳತೆಗೋಲು. ಅದನ್ನು ತಾಳ ಎನ್ನುತ್ತಾರೆ. ದೊಡ್ಡ ದೇವರುಗಳಿಗೆ ಹತ್ತು ತಾಳದ ಎತ್ತರ, ಗಣಪತಿಗೆ ಐದು. ಗಣಪತಿ ಗುಂಡಗೆ, ಗಿಡ್ಡಗೆ ಮುದ್ದಾಗಿ ಕಾಣುವುದರ ಗುಟ್ಟು ಇದೇ. ಟಿಬೆಟಿನವರು ಬಟ್ಟೆಯ ಮೇಲೆ ಬರೆಯುವ ಥಂಕಾ ಚಿತ್ರದಲ್ಲೂ ಮೊದಲು ಗೆರೆಗಳ ಜಾಲರಿ ಎಳೆದುಕೊಂಡು, ಆ ಅಳತೆಯ ಮೇಲೆಯೇ ಬುದ್ಧನನ್ನು ಬರೆಯುತ್ತಾರೆ. ಕಣ್ಣು ಬರೆಯುವುದು ಕೊನೆಗೆ.

ಚಿತ್ರ ಉಳಿಸಿದ್ದು, ಚಿತ್ರಕ್ಕಾಗಿ ಕೆಟ್ಟದ್ದು

"ಹಾಗಾದರೆ ಕ್ಯಾಮೆರಾ ಅಂದರೆ ಕೆಟ್ಟದ್ದೇ?" ಖಂಡಿತ ಇಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯದ ಅಧಿಕಾರಿ ಹಂಪಿಯ ಫೋಟೋ ತೆಗೆದ. ಮೇಣ ಹಚ್ಚಿದ ಕಾಗದವೇ ಆಗ ಅವನ ನೆಗೆಟಿವ್. ಅದರಲ್ಲಿ ವಿಠಲ ಗುಡಿಯ ಕಲ್ಲಿನ ರಥ ಇದೆ, 50 ರೂಪಾಯಿ ನೋಟಿನ ಮೇಲೆ ಇದೆಯಲ್ಲ, ಅದೇ. ಆದರೆ ಆ ಫೋಟೋದಲ್ಲಿ ರಥದ ಮೇಲೆ ಇಟ್ಟಿಗೆಯ ಗೋಪುರ ಇದೆ! ಈಗ ಇಲ್ಲ. ಅವನು ಫೋಟೋ ತೆಗೆಯದಿದ್ದರೆ ಆ ರಥ ಹೇಗಿತ್ತು ಎಂದು ನಮ್ಮ ಕಣ್ಣಿಗೆ ತಿಳಿಯುತ್ತಲೇ ಇರಲಿಲ್ಲ. (ಹಂಪಿಯ ಮಾತು ಬಂದಾಗ ಇನ್ನೊಂದು ನೆನಪಾಗುತ್ತದೆ. ವಿರೂಪಾಕ್ಷ ಗುಡಿಯ ಒಳಗಿನ ಒಂದು ಕತ್ತಲ ಕೋಣೆಯಲ್ಲಿ, ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು ಎದುರು ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಮೂಡುತ್ತದೆ. ಕ್ಯಾಮೆರಾದ ಒಳಗೆ ಆಗುವುದೂ ಅದೇ.)

ತಮಿಳುನಾಡಿನ ಶ್ರೀಪುರಂತಾನ್ ಗುಡಿಯಿಂದ ಕಳವಾದ ನಟರಾಜ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ ಸೇರಿದ್ದ. ಇದು ಅದೇ ಮೂರ್ತಿ ಎಂದು ಗುರುತಿಸಲು ನೆರವಾದದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಹಿಂದೆ ತೆಗೆದಿಟ್ಟಿದ್ದ ಫೋಟೋ. 2014ರಲ್ಲಿ ನಟರಾಜ ವಾಪಸ್ ಬಂದ. ಪೂಜೆಗೆ ಅಡ್ಡಿಯಾಗದಂತೆ, ಒಪ್ಪಿಗೆ ಪಡೆದು, ದಾಖಲೆಗಾಗಿ ತೆಗೆದ ಫೋಟೋ ದೇವರನ್ನೇ ಮನೆಗೆ ಕರೆತರಬಹುದು.

ಇದಕ್ಕೆ ಉಲ್ಟಾ ಆದದ್ದು ಅಜಂತಾದಲ್ಲಿ. 1844ರಿಂದ ರಾಬರ್ಟ್ ಗಿಲ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ ವರ್ಷಗಟ್ಟಲೆ ಗುಹೆಯಲ್ಲಿ ಕೂತು ಚಿತ್ರಗಳ ನಕಲು ಬರೆದ. ಲಂಡನ್ನಿಗೆ ಕಳಿಸಿದ ಆ ನಕಲುಗಳಲ್ಲಿ ಬಹುಪಾಲು 1866ರ ಬೆಂಕಿಯಲ್ಲಿ ಸುಟ್ಟುಹೋದವು. ಮುಂದೆ ಜಾನ್ ಗ್ರಿಫಿತ್ಸ್ ಮುಂಬೈಯ ಕಲಾಶಾಲೆಯ ವಿದ್ಯಾರ್ಥಿಗಳ ಜೊತೆ 1872ರಿಂದ ಮತ್ತೆ ನಕಲು ಮಾಡಿದ. ಅದರಲ್ಲೂ ಎಷ್ಟೋ 1885ರಲ್ಲಿ ಇನ್ನೊಂದು ಬೆಂಕಿಗೆ ಹೋದವು. ನಕಲು ಮಾಡುವಾಗ ಬಣ್ಣ ಚೆನ್ನಾಗಿ ಕಾಣಲಿ ಎಂದು ಮೂಲ ಚಿತ್ರಗಳಿಗೇ ವಾರ್ನಿಷ್ ಬಳಿದಿದ್ದರು. ಅದು ವರ್ಷ ಕಳೆದಂತೆ ಕಪ್ಪಾಗಿ ಚಿತ್ರವನ್ನೇ ಮಂಕು ಮಾಡಿತು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೂ ಹಾಳಾಯಿತು.

ಹೋದಾಗ ಏನು ಮಾಡುವುದು?

ಚಪ್ಪಲಿ ಹೊರಗೆ. ಇದು ಎಲ್ಲರಿಗೂ ಗೊತ್ತು. ಹೊಸ್ತಿಲು ತುಳಿಯಬೇಡಿ, ದಾಟಿ. ಸುತ್ತು ಹಾಕುವುದು ದೇವರು ನಮ್ಮ ಬಲಕ್ಕೆ ಬರುವ ಹಾಗೆ. ಹಿಂದೂ ಗುಡಿಯಲ್ಲೂ ಸ್ತೂಪದಲ್ಲೂ ಇದು ಒಂದೇ. ಬೈಲಕುಪ್ಪೆಯ ಪ್ರಾರ್ಥನೆಯ ಚಕ್ರಗಳನ್ನು ತಿರುಗಿಸುವುದೂ ಅದೇ ದಿಕ್ಕಿಗೆ. ಶಿವನ ಗುಡಿಯಲ್ಲಿ ಮಾತ್ರ ಅಭಿಷೇಕದ ನೀರು ಹರಿಯುವ ಗೋಮುಖವನ್ನು ದಾಟದೆ ಹಿಂದಿರುಗುವ ಪದ್ಧತಿ ಹಲವರದ್ದು. ಬುದ್ಧನ ಎದುರು ನೆಲದಲ್ಲಿ ಕೂತರೆ ಅಂಗಾಲು ಮೂರ್ತಿಯ ಕಡೆ ಚಾಚಬಾರದು. ಉಡುಪಿಯಂಥ ಕಡೆ ಗಂಡಸರು ಅಂಗಿ ತೆಗೆಯಬೇಕು.

ಫೋಟೋ ವಿಷಯಕ್ಕೆ ಬಂದರೆ, ಬೋರ್ಡ್ ಇಲ್ಲದಿದ್ದರೆ ಕೇಳಿ. ಅಷ್ಟೇ. "ಇಲ್ಲಿ ತೆಗೆಯಬಹುದಾ, ಭಟ್ಟರೇ?" ಎಂದು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಎಷ್ಟೋ ಸಲ ಅವರೇ "ಈ ಕಂಬ ನೋಡಿ, ಆ ಚಾವಣಿ ನೋಡಿ" ಎಂದು ತೋರಿಸುತ್ತಾರೆ. ಚಿತ್ರ ಬಿಡಿಸುವವರು ದಾರಿ ಬಿಟ್ಟು ಪಕ್ಕಕ್ಕೆ ಕೂತರೆ ಸಾಕು. ಕಾಗದ ಒತ್ತಿ ಉಜ್ಜಿ ಅಚ್ಚು ತೆಗೆಯುವುದು ಬೇಡ, ಕಲ್ಲು ಸವೆಯುತ್ತದೆ.

ಇನ್ನು ನಿಮ್ಮ ಊರಿನ ಗುಡಿ. ಅದು ಯುನೆಸ್ಕೋ ಪಟ್ಟಿಯಲ್ಲಿ ಇಲ್ಲ, ಪುರಾತತ್ವ ಇಲಾಖೆಯ ಕೈಯಲ್ಲೂ ಇಲ್ಲ. ಚಾವಣಿಯಲ್ಲಿ ಒಂದು ಹಳೆಯ ಚಿತ್ರ, ಬಾಗಿಲಲ್ಲಿ ಮಾಸಿದ ದ್ವಾರಪಾಲಕರು, ಹಿಂದೆ ಅರ್ಧ ಹೂತ ವೀರಗಲ್ಲು ಇರಬಹುದು. ಜೀರ್ಣೋದ್ಧಾರದ ಹೆಸರಲ್ಲಿ ಒಂದು ವಾರದಲ್ಲಿ ಅದಕ್ಕೆಲ್ಲ ಆಯಿಲ್ ಪೇಂಟ್ ಬಳಿದು, ನೆಲಕ್ಕೆ ಟೈಲ್ಸ್ ಹಾಕಿಬಿಡುತ್ತಾರೆ. ನಮ್ಮೂರಿನ ಗುಡಿಯಲ್ಲಿ ಹೀಗೇ ಆಯಿತು. ನಾನು ಚಿಕ್ಕವಳಿದ್ದಾಗ ಅಜ್ಜಿಯ ಮಡಿಲಲ್ಲಿ ಮಲಗಿ ನೋಡುತ್ತಿದ್ದ ಚಾವಣಿಯ ಗಿರಿಜಾಕಲ್ಯಾಣ ಈಗ ಹಸಿರು ಬಣ್ಣದ ಕೆಳಗಿದೆ. ಒಂದೇ ಒಂದು ಫೋಟೋ ಯಾರ ಹತ್ತಿರವೂ ಇಲ್ಲ. ಕೆಲಸ ಶುರುವಾಗುವ ಮೊದಲು ಪೂಜಾರಿಯವರನ್ನು ಕೇಳಿ, ಗರ್ಭಗುಡಿಯ ಬಾಗಿಲು ಹಾಕಿರುವ ಹೊತ್ತು ನೋಡಿಕೊಂಡು ಹೋಗಿ. ಚಾವಣಿ, ಕಂಬ, ಗೋಡೆ, ಶಾಸನದ ಕಲ್ಲು, ಒಂದನ್ನೂ ಬಿಡದೆ ಫ್ಲಾಶ್ ಇಲ್ಲದೆ ತೆಗೆಯಿರಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ, ತಾರೀಖು ಬರೆದಿಡಿ.